ಸ್ತೋತ್ರಕೂಟವಾದ ಮೇಲೆ ತಿರುಗಿ ಬಂದ ಜ್ವರ

ಕಾಯಿಲೆಯಿಂದ ಎದ್ದವರು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕು ಎನ್ನುವುದು ನಮ್ಮ ಕ್ರೈಸ್ತರ ಪದ್ಧತಿ. ದೇವರು ನನ್ನನ್ನು ಹೇಗೆ ಮುಟ್ಟಿದ, ಹೇಗೆ ಎಬ್ಬಿಸಿದ ಎಂದು ಹೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂತರೆ ಉಳಿದವರು ಸ್ತೋತ್ರ ಎನ್ನುತ್ತಾರೆ, ಆಮೇಲೆ ಕಾಫಿ ಬರುತ್ತದೆ. ನಾನು ಮಂಗನ ಕಾಯಿಲೆಯಿಂದ ಎದ್ದವಳು. ಅರವತ್ತರ ದಶಕದಲ್ಲಿ ಅದು ತಗುಲಿಯೂ ಬದುಕಿದವರಲ್ಲಿ ನಮ್ಮ ಸಭೆಯ ಮಟ್ಟಿಗೆ ಈಗ ಉಳಿದಿರುವವಳು ನಾನೊಬ್ಬಳೇ. ಆದರೂ ಇಷ್ಟು ವರ್ಷ ಸಾಕ್ಷಿ ಹೇಳಿಲ್ಲ. ಕೇಳಿದಾಗಲೆಲ್ಲ ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡಿದ್ದೇನೆ.

ಈಗ ಬರೆಯಲು ಕಾರಣ ನಮ್ಮ ತೀರ್ಥಹಳ್ಳಿಯ ಒಬ್ಬ ಹುಡುಗಿ. ಅವಳಿಗೆ ಎದೆಯಲ್ಲಿ ಗಂಟು ಸಿಕ್ಕಿದೆ, ಚಿಕಿತ್ಸೆ ನಡೆಯುತ್ತಿದೆ, ತಲೆಗೂದಲು ಹೋಗಿದೆ. ಮನೆಗೆ ಬಂದು ಪ್ರಾರ್ಥಿಸುವವರೆಲ್ಲ ಅವಳಿಗೆ, 'ವಾಸಿ ಆಯ್ತು ಅಂತ ಈಗ್ಲೇ ಸ್ತೋತ್ರ ಹೇಳು, ಆಗ ವಾಸಿ ಆಗತ್ತೆ' ಎನ್ನುತ್ತಿದ್ದಾರಂತೆ. ಅವಳು ನನ್ನ ಪಕ್ಕ ಕೂತು ಕೇಳಿದಳು: 'ಅಜ್ಜಿ, ನಂಗೆ ಬಾಯಿಗೇ ಬರ್ತಿಲ್ಲ. ನಂಗೆ ನಂಬಿಕೆ ಇಲ್ವಾ ಹಂಗಾದ್ರೆ?' ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿಹಿಯಾದ ಸಾಕ್ಷಿ ಬೇಕಾದವರು ಇಲ್ಲೇ ಎದ್ದು ಹೋಗಬಹುದು.

ನನ್ನ ಹೆಸರು ಎಸ್ತರ್. ತವರು ತೀರ್ಥಹಳ್ಳಿ, ಅಪ್ಪ ಟೇಲರ್ ಆಗಿದ್ದರು. ಮದುವೆಯಾಗಿ ಹೋದದ್ದು ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಕೇರಿಗೆ. ಗಂಡನ ಅಜ್ಜನ ಕಾಲದಲ್ಲಿ ಮರ ಕೊಯ್ಯಲು ಬಂದು ಅಲ್ಲೇ ನಿಂತ ಕ್ರೈಸ್ತರ ಕೆಲವು ಮನೆಗಳು, ಮಣ್ಣಿನ ಗೋಡೆಯ ಒಂದು ದೇವಾಲಯ, ಅದನ್ನು ನೋಡಿಕೊಳ್ಳಲು ಒಬ್ಬ ಉಪದೇಶಿ. ಅಷ್ಟೇ ನಮ್ಮ ಸಭೆ. ಗಂಡ ದೇವಪ್ರಿಯ ಗರಗಸದ ಗುಂಡಿಯಲ್ಲಿ ಕೆಳಗೆ ನಿಂತು ಎಳೆಯುವವನು. ಮೇಲಿನವನು ದಿಮ್ಮಿಯ ಮೇಲೆ ನಿಂತಿದ್ದರೆ ಇವನು ಗುಂಡಿಯೊಳಗೆ. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಮರದ ಹೊಟ್ಟು. ನಗುವ ಗಂಡಸು. ನನಗೆ ಅವನೆಂದರೆ ಬಹಳ ಇಷ್ಟವಿತ್ತು. ಇದನ್ನು ಬರೆಯಲು ಈ ವಯಸ್ಸಿನಲ್ಲಿ ನಾಚಿಕೆಯೇನೂ ಇಲ್ಲ. ಅತ್ತೆ ರಾಹೇಲಮ್ಮ ವಿಧವೆ, ಒಬ್ಬನೇ ಮಗ. ನನ್ನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಟೇಲರನ ಮಗಳು ಸೌದೆ ಒಡೆಯಲೂ ಬಾರದವಳು ಎಂಬುದು ಅವರ ದೂರು, ಅದು ನಿಜವೂ ಆಗಿತ್ತು.

ನಮ್ಮ ಸಭೆಗೆ ಒಂದು ಹಟವಿತ್ತು. ಗರಿಗಳ ಭಾನುವಾರಕ್ಕೆ ಬೇರೆ ಕಡೆ ತೆಂಗಿನ ಗರಿ ಹಿಡಿದು ಮೆರವಣಿಗೆ ಮಾಡುತ್ತಾರೆ. ನಮ್ಮವರಿಗೆ ಅದು ಒಪ್ಪಿಗೆಯಿಲ್ಲ. ಕರ್ತನು ಪಟ್ಟಣಕ್ಕೆ ಬಂದಾಗ ಜನ ಹಿಡಿದದ್ದು ಖರ್ಜೂರದ ಗರಿ, ಖರ್ಜೂರದ ನೆಂಟ ನಮ್ಮ ಕಾಡಿನ ಈಚಲು, ಆದ್ದರಿಂದ ಈಚಲ ಗರಿಯೇ ಆಗಬೇಕು. ಅದನ್ನು ಹಿಂದಿನ ದಿನ ಕಾಡಿಗೆ ಹೋಗಿ ಕಡಿದು ತರುವುದು ಆ ವರ್ಷ ಮದುವೆಯಾದ ಜೋಡಿಯ ಹಕ್ಕು. ಆ ವರ್ಷದ ಜೋಡಿ ನಾವು.

ಆ ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಮರದಿಂದ ಹಣ್ಣು ಬಿದ್ದ ಹಾಗೆ ಬೀಳುತ್ತಿದ್ದವು ಎಂದು ದನ ಕಾಯುವವರು ಹೇಳುತ್ತಿದ್ದರು. ಜೀಪಿನವರು ಬಂದು ಸತ್ತ ಮಂಗಗಳನ್ನು ಪರೀಕ್ಷೆಗೆ ಕೊಂಡೊಯ್ದರು. ಒಣಗಿದ ದರಗೆಲೆಗೂ ಸೌದೆಗೂ ಕಾಡಿಗೆ ಹೋಗಬೇಡಿ, ಉಣುಗು ಎಂಬ ಕಾಡಿನ ಉಣ್ಣೆ ಹುಳ ಕಚ್ಚಿದರೆ ಜ್ವರ ಬರುತ್ತದೆ ಎಂದು ಹೊಸನಗರದಲ್ಲಿ ಡಂಗುರ ಹೊಡೆಸಿದರು. ದೇವಪ್ರಿಯ ಉಪದೇಶಿಗಳನ್ನು ಕೇಳಿದ: 'ಅಯ್ಯನೋರೆ, ಈ ಸಲ ತೆಂಗಿನ ಗರೀಲೇ ಮುಗ್ಸಾಣ?'

ಉಪದೇಶಿ ನಕ್ಕರು. 'ಡಂಗ್ರ ಹೊಡ್ಸಿದ್ದು ಸೌದೆಗೆ ಹೋಗೋರಿಗೆ ಕಣೋ. ನೀನು ಹೋಗದು ಯಾರ ಕೆಲ್ಸಕ್ಕೆ?'

ಅತ್ತೆಯೂ ಗಟ್ಟಿಯಾಗಿ ಹೇಳಿದರು, 'ದೇವ್ರು ಒಳ್ಳೇನು. ಅವನ ಕೆಲ್ಸಕ್ಕೆ ಹೋದೋರಿಗೆ ಕೆಟ್ಟದ್ದು ಮಾಡ್ತಾನಾ?'

ಹೋದೆವು. ಮರದ ಕೆಳಗೆ ಒಂದು ಕೆಂಪು ಮೂತಿಯ ಮಂಗ ಕೈಚಾಚಿ ಬಿದ್ದಿತ್ತು, ಮೈಮೇಲೆ ನೊಣ. ದೇವಪ್ರಿಯ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ದಾಟಿಸಿದ. ಗರಿಯ ಹೊರೆ ಹೊತ್ತು ಬಂದು, ಸಂಜೆ ಸ್ನಾನ ಮಾಡುವಾಗ ಒಬ್ಬರ ಬೆನ್ನಿನಿಂದ ಒಬ್ಬರು ಉಣುಗು ಕಿತ್ತು ಬೆಂಕಿಗೆ ಹಾಕಿ ನಗಾಡಿದೆವು. ಮರುದಿನ ಸಭೆಯೆಲ್ಲ ಆ ಗರಿ ಬೀಸಿ ಹಾಡಿತು. ಅಷ್ಟು ಚಂದದ ಭಾನುವಾರವನ್ನು ನಾನು ಮತ್ತೆ ಕಂಡಿಲ್ಲ.

ಅದೇ ವಾರ ಶುಭ ಶುಕ್ರವಾರದ ಆರಾಧನೆಯ ನಡುವೆ ದೇವಪ್ರಿಯ ಹಣೆ ಹಿಡಿದುಕೊಂಡು ಹೊರಗೆ ಹೋದ. ಕಣ್ಣು ಕೆಂಡದಂತಾಗಿತ್ತು. ಸಂಜೆಗೆ ನನಗೂ ಶುರುವಾಯಿತು. ಜ್ವರ ಎಂದರೆ ನಿಮಗೆ ಗೊತ್ತಿರುವ ಜ್ವರವಲ್ಲ. ಸೊಂಟದ ಮೂಳೆಯನ್ನು ಯಾರೋ ಗರಗಸದಲ್ಲಿ ಕೊಯ್ಯುತ್ತಿದ್ದ ಹಾಗೆ. ಬೆಳಕು ಕಂಡರೆ ತಲೆ ಸಿಡಿಯುತ್ತಿತ್ತು. ಒಸಡಿನಿಂದ ರಕ್ತ ಬಂತು, ವಾಂತಿಯಲ್ಲಿ ರಕ್ತ ಬಂತು. ಮರದ ಲಾರಿಯೊಂದರಲ್ಲಿ ದಿಮ್ಮಿಗಳ ಪಕ್ಕ ಚಾಪೆ ಹಾಸಿ ನಮ್ಮಿಬ್ಬರನ್ನೂ ಸಾಗರದ ಆಸ್ಪತ್ರೆಗೆ ಒಯ್ದರು. ಪ್ರತಿ ಕುಲುಕಿಗೂ ನಾನು ಸತ್ತೆ ಎಂದುಕೊಂಡೆ, ಸಾಯದಿದ್ದಾಗ ಬೇಸರಪಟ್ಟೆ.

ಒಳಗೆ ಜಾಗವಿರಲಿಲ್ಲ. ಜಗಲಿಯಲ್ಲಿ ನಮ್ಮಂಥವರೇ ಸಾಲಾಗಿ ಮಲಗಿದ್ದರು. ಬೇರೆ ಕಾಯಿಲೆಯವರು ಮೂಗಿಗೆ ಬಟ್ಟೆ ಹಿಡಿದು ನಮ್ಮನ್ನು ದಾಟಿ ಹೋಗುತ್ತಿದ್ದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಅತ್ತೆ ಅವರ ಕಾಲಿಗೆ ಬೀಳಲು ಹೋದಾಗ ಹಿಂದೆ ಸರಿದು, 'ಅಮ್ಮಾ, ಇದಕ್ಕೆ ಔಷಧಿ ಇಲ್ಲ. ಗ್ಲೂಕೋಸ್ ಕೊಡ್ತೀನಿ, ಚೆನ್ನಾಗಿ ನೋಡ್ಕೊಳ್ಳಿ, ಉಳಿದದ್ದು ಅವರ ಮೈಯ ಶಕ್ತಿ' ಎಂದರು. ಸುಳ್ಳು ಹೇಳದ ಆ ಮನುಷ್ಯನನ್ನು ನಾನು ಇಂದಿಗೂ ನೆನೆಸಿಕೊಳ್ಳುತ್ತೇನೆ.

ನನ್ನ ಪಕ್ಕದ ಚಾಪೆಯಲ್ಲಿ ಹೊಳೆಯಾಚೆಯ ಗೇಣಿ ಒಕ್ಕಲಿನ ಹೆಂಗಸು ಗುತ್ಯಮ್ಮನ ಮಗನಿದ್ದ, ಉಳುವ ವಯಸ್ಸಿನವನು. ಗುತ್ಯಮ್ಮ ತಾನು ತಂದ ಗಂಜಿಯ ತಿಳಿಯನ್ನು ನನ್ನ ಬಾಯಿಗೂ ಹನಿಸುತ್ತಿದ್ದಳು. ಯಾರೂ ಮುಟ್ಟದ ದಿನಗಳಲ್ಲಿ ಅವಳ ಬೆರಳು ನನ್ನ ತುಟಿಗೆ ತಾಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಅತ್ತೆಯನ್ನು ಕೇಳಿದಳು: 'ನಾ ಸಿಗಂದೂರು ಚೌಡವ್ವಂಗೆ ಹೇಳ್ಕಂಡೀನಿ. ಮಗ ಎದ್ರೆ ಸೀರೆ ಉಡಸ್ತೀನಿ ಅಂತ. ನೀವು ಎಂತ ಹೇಳ್ಕಂಡೀರಿ ನಿಮ್ಮ ದೇವ್ರಿಗೆ?'

'ನಮ್ಮಲ್ಲಿ ಹರ್ಕೆ ಹೊರಂಗಿಲ್ಲ. ಬರೀ ಕೇಳೋದು.'

'ಬರೀ ಕೈಯಲ್ಲಾ? ಕೊಡ್ತಾನಾ ಅಂಗಾರೆ?'

'ಒಳ್ಳೇನು ಅವ್ನು. ಕೊಡ್ತಾನೆ' ಎಂದರು ಅತ್ತೆ. ಆದರೆ ಆ ಮಾತಿನಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ. ಗುತ್ಯಮ್ಮನಿಗೆ ಅವರನ್ನು ಕಂಡು ಪಾಪ ಎನಿಸಿತೇನೋ, ಗಂಜಿಯ ಚಂಬನ್ನು ಅವರ ಕಡೆಗೆ ಸರಿಸಿದಳು.

ಆಮೇಲೆ ಎಲ್ಲರ ಜ್ವರವೂ ಒಬ್ಬೊಬ್ಬರದಾಗಿ ಇಳಿಯಿತು. ಮೊದಲು ಗುತ್ಯಮ್ಮನ ಮಗ ಎದ್ದು ಕೂತು ಉಪ್ಪಿನಕಾಯಿ ಕೇಳಿದ. ಅವರು ಗಾಡಿ ಹತ್ತಿ ಹೋಗುವುದನ್ನು ಅತ್ತೆ ಬಹಳ ಹೊತ್ತು ನೋಡುತ್ತ ನಿಂತಿದ್ದರು. ಬಳಿಕ ದೇವಪ್ರಿಯನದು ಇಳಿಯಿತು, ನನ್ನದೂ ಇಳಿಯಿತು. ಮನೆಗೆ ಹೋಗುತ್ತೇವೆ ಎಂದಾಗ ಡಾಕ್ಟರು ಒಪ್ಪಲಿಲ್ಲ. 'ಈ ಜ್ವರ ಬಿಟ್ಟು ಮತ್ತೆ ಬರೋದುಂಟು. ಎರಡನೇ ಸಲ ತಲೆಗೆ ಏರುತ್ತೆ. ಮನೆಗೆ ಹೋದರೂ ಹಾಸಿಗೆ ಬಿಟ್ಟು ಏಳಬೇಡಿ, ಭಾರದ ಕೆಲಸ ಖಂಡಿತ ಬೇಡ' ಎಂದು ದೇವಪ್ರಿಯನ ಭುಜ ಹಿಡಿದು ಹೇಳಿದರು.

ಮನೆಗೆ ಬಂದೆವು. ವಾಸಿಯಾದದ್ದಕ್ಕೆ ದೇವರಿಗೆ ವಂದನೆ ಹೇಳುವ ಸ್ತೋತ್ರಕೂಟಕ್ಕೆ ಉಪದೇಶಿ ಅದೇ ದಿನ ಕರೆ ಕೊಟ್ಟರು. ಸ್ತೋತ್ರಕೂಟದ ನೇಮವೆಂದರೆ, ವಾಸಿಯಾದವರು ತಾವೇ ಬಾವಿಯಿಂದ ನೀರು ಸೇದಿ, ತಾವೇ ಪಾಯಸ ಕಾಯಿಸಿ, ತಮ್ಮ ಕೈಯಾರೆ ಸಭೆಗೆ ಬಡಿಸಬೇಕು. ಇನ್ನೊಬ್ಬರು ಕೈ ಹಚ್ಚಿದರೆ ವಾಸಿಯಾದದ್ದು ಸುಳ್ಳು ಎಂದಾಗುತ್ತದೆ. ಡಾಕ್ಟರು ಹೇಳಿದ್ದನ್ನು ನಾನು ಉಪದೇಶಿಗಳಿಗೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಮೆತ್ತಗೆ ಹೇಳಿದರು: 'ದೇವ್ರು ಕೊಟ್ಟದ್ದನ್ನ ಮತ್ತೆ ಕಸ್ಕೊಂತಾನೆ ಅಂತ ನೀನು ಹಾಸ್ಗೇಲಿ ಮಲ್ಗಿದ್ರೆ, ಅವನನ್ನ ಕಳ್ಳ ಅಂದಂಗಾಗ್ತದೆ ಮಗಾ.'

ಪೂರಾ ಸಭೆ ನೋಡುತ್ತಿತ್ತು. ಅರ್ಧಕ್ಕೆ ನಿಂತು ನಿಂತು ಹಗ್ಗ ಎಳೆದೆ. ಅತ್ತೆ ಬಾವಿಕಟ್ಟೆಯ ಪಕ್ಕವೇ ನಿಂತಿದ್ದರು, ಹಗ್ಗಕ್ಕೆ ಕೈ ಹಾಕಲಿಲ್ಲ. ದೇವಪ್ರಿಯ ಬಡಿಸುತ್ತ ಎಲ್ಲರಿಗೂ ಇನ್ನೊಂದು ಸೌಟು ಹಾಕಿಸಿಕೊಳ್ಳಿ ಎಂದು ತಮಾಷೆ ಮಾಡಿದ. 'ಒಳ್ಳೆಯವನಾದ ತಂದೆಯೇ' ಎಂದು ನಮ್ಮ ಪ್ರಾರ್ಥನೆ ಶುರುವಾಗುತ್ತದೆ. ಅವತ್ತು ಸಭೆಯೆಲ್ಲ ಒಂದೇ ಕಂಠದಲ್ಲಿ ಹಾಗೆಂದಿತು, ನಾನೂ ಅಂದೆ. ಮನಸ್ಸಿನಿಂದಲೇ ಅಂದೆ. ಗಂಡ ಎದುರಿಗೆ ನಿಂತು ನಗುತ್ತಿದ್ದಾಗ ಹೇಳದೆ ಇನ್ಯಾವಾಗ ಹೇಳುವುದು?

ಮರುದಿನ ಅವನು ಗುಂಡಿಗೆ ಇಳಿದ. ಬೇಡವೆಂದು ನಾನು ಅತ್ತುಬಿಟ್ಟೆ. 'ಸ್ತೋತ್ರ ಹೇಳಾಯ್ತಲ್ಲೇ, ಇನ್ನೂ ಮಲ್ಗಿದ್ರೆ ಜನ ಏನಂತಾರೆ?' ಎಂದು ಹೊರಟೇಹೋದ. ಒಂದು ವಾರ ಕಳೆಯುವ ಮೊದಲೇ ಜೊತೆಯವರು ಅವನನ್ನು ಗುಂಡಿಯಿಂದ ಎತ್ತಿ ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ತಂದರು. ಕುತ್ತಿಗೆ ಸೆಟೆದುಕೊಂಡಿತ್ತು. ನನ್ನನ್ನು ನೋಡಿ, 'ಇವ್ರು ಯಾರು?' ಎಂದು ತಾಯಿಯನ್ನು ಕೇಳಿದ. ಅದು ಅವನು ನನ್ನ ಬಗ್ಗೆ ಆಡಿದ ಕೊನೆಯ ಮಾತು. ಎಷ್ಟೋ ಜನ ನನಗೆ ಸಮಾಧಾನ ಹೇಳಿದ್ದಾರೆ. ಈ ಒಂದು ಮಾತಿಗೆ ಸಮಾಧಾನ ಹೇಳುವವರು ಸಿಕ್ಕಿಲ್ಲ.

ಅದೇ ಲಾರಿ, ಅದೇ ದಾರಿ. ಸಾಗರ ಮುಟ್ಟುವಷ್ಟರಲ್ಲಿ ನನಗೂ ಜ್ವರ ಏರಿತ್ತು. ಈ ಸಲ ಒಳಗೆ ಎರಡು ಮಂಚ ಕೊಟ್ಟರು. ಅತ್ತೆ ನಡುವೆ ನೆಲದ ಮೇಲೆ ಕೂತರು. ನನಗೆ ನಾಲಿಗೆ ಆಡುತ್ತಿರಲಿಲ್ಲ, ಕೈ ಎತ್ತಲಾಗುತ್ತಿರಲಿಲ್ಲ. ಆದರೆ ಕಿವಿ ಕೇಳುತ್ತಿತ್ತು. ಡಾಕ್ಟರು ಹೇಳಿದ್ದು ಕೇಳಿಸಿತು: ಇಬ್ಬರದೂ ಹೇಳಲಾಗದು. ದೇವಪ್ರಿಯನಿಗೆ ಅಪಸ್ಮಾರದಂತೆ ಸೆಳೆತ ಬರುತ್ತಿದ್ದುದು, ಮಂಚ ಗಡಗಡ ಎನ್ನುತ್ತಿದ್ದುದು, ಅತ್ತೆ ಅವನ ಹಲ್ಲಿನ ನಡುವೆ ಬಟ್ಟೆ ತುರುಕುತ್ತಿದ್ದುದು ಎಲ್ಲ ಕೇಳಿಸಿತು.

ಸೆಳೆತ ನಿಂತ ಒಂದು ಹೊತ್ತಿನಲ್ಲಿ ಅತ್ತೆ ಪ್ರಾರ್ಥಿಸಿದರು. ವಾರ್ಡಿನಲ್ಲಿ ಬಿಸಿಲು ತುಂಬಿತ್ತು. ಬೇರೆ ರೋಗಿಗಳ ಕಡೆಯವರು ಊಟಕ್ಕೆ ಹೋಗಿದ್ದರು. ಅವರು ಪಿಸುಗುಡಲಿಲ್ಲ, ಅಂಗಡಿಯಲ್ಲಿ ನಿಂತು ಮಾತಾಡುವ ಹಾಗೆ ಸ್ಪಷ್ಟವಾಗಿ ಮಾತಾಡಿದರು.

'ಕರ್ತನೇ, ಬರೀ ಕೈಯಲ್ಲಿ ಕೇಳಿದ್ದು ತಪ್ಪಾಯ್ತು. ಈಗ ಕೊಡ್ತೀನಿ. ಒಂದು ಜೀವ ಬೇಕೇ ಬೇಕು ಅಂದ್ರೆ ಇವ್ಳನ್ನ ತಗೋ. ಇವ್ಳನ್ನ ತಗೊಂಡು ಮಗನ್ನ ಬಿಡು. ಇವ್ಳಿಗೆ ಮಕ್ಕಳು ಮರಿ ಇಲ್ಲ, ಯಾರಿಗೂ ನಷ್ಟ ಇಲ್ಲ. ತಗೋ.'

ಹರಕೆ ನಮ್ಮಲ್ಲಿ ಇಲ್ಲ ಎಂದವರು ಹರಕೆ ಹೊತ್ತಿದ್ದರು. ಹರಕೆಯ ಕುರಿ ನಾನು. ಕೂಗಬೇಕೆನಿಸಿತು, ಆಗಲಿಲ್ಲ. ಇನ್ನೂ ಘೋರವಾದದ್ದನ್ನು ಹೇಳುತ್ತೇನೆ: ನಾನೂ ದೇವರ ಉತ್ತರಕ್ಕಾಗಿ ಕಾದೆ. ಅವನು ಒಪ್ಪಿಬಿಟ್ಟರೆ ಎಂಬ ಹೆದರಿಕೆ ಇದೆಯಲ್ಲ, ಅದು ಸಾವಿನ ಹೆದರಿಕೆಗಿಂತ ಬೇರೆ. ಅತ್ತೆ ನನ್ನನ್ನು ಇಷ್ಟಪಡುವುದಿಲ್ಲ ಎಂದು ನನಗೆ ಗೊತ್ತಿತ್ತು. ದೇವರೂ ಅವರ ಕಡೆಯೇ ಇದ್ದಾನೇನೋ ಎಂದು ಮೊದಲ ಸಲ ಭಯವಾಯಿತು. ಯಾರಿಗೂ ನಷ್ಟವಿಲ್ಲ ಎಂದದ್ದು ಅವನಿಗೂ ಸರಿಯೆನಿಸಿದರೆ ನಾನು ಯಾರ ಹತ್ತಿರ ದೂರು ಹೇಳುವುದು?

ದೇವಪ್ರಿಯ ಮರುದಿನ ಬೆಳಗ್ಗೆ ಸತ್ತ. ನನ್ನ ಜ್ವರ ಅದೇ ದಿನ ಇಳಿಯತೊಡಗಿತು.

ಕೇರಿಯವರು ಹೆದರಿ ಹೆಣ ತರಬೇಡಿ ಎಂದರು. ಸಾಗರದಲ್ಲೇ ಮಣ್ಣು ಮಾಡಿದರು, ನಾನು ಮಂಚದಲ್ಲಿದ್ದೆ. ಉಪದೇಶಿ ಬಂದರು. ಜ್ವರ ಅಂಟುತ್ತದೆಂದು ಬಾಗಿಲ ಹೊರಗೇ ನಿಂತು ಪ್ರಾರ್ಥಿಸಿ, ಕೊನೆಗೆ ಅತ್ತೆಯನ್ನು ಕೇಳಿದರು: 'ಸ್ತೋತ್ರಕೂಟದ ದಿನ ನಿಮ್ಮ ಮೂವರಲ್ಲಿ ಯಾರ ಮನಸ್ಸಲ್ಲಾದ್ರೂ ಅನುಮಾನ ಇತ್ತಾ ರಾಹೇಲಮ್ಮ?'

ನನಗೆ ಆಗ ತಾನೇ ಮಾತು ಮರಳಿತ್ತು. ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ, ಆ ಹೊಸ ನಾಲಿಗೆಯನ್ನು ಮೊದಲು ಬಳಸಿದ್ದು ಅವರನ್ನು ಬೈಯಲು. 'ಅನುಮಾನ ಡಾಕ್ಟ್ರಿಗಿತ್ತು. ಅವ್ರ ಮಾತು ಕೇಳಿದ್ರೆ ನನ್ನ ಗಂಡ ಮಲ್ಗಿರ್ತಿದ್ದ. ಹೋಗಿ ನೀವು' ಎಂದೆ. ಹೋದರು.

ಅಣ್ಣ ಬಂದು ನನ್ನನ್ನು ತೀರ್ಥಹಳ್ಳಿಗೆ ಕರೆದೊಯ್ದ. ಮಂಡಗದ್ದೆಯ ಕಡೆಯ ನೆಂಟರೊಬ್ಬರು ನೋಡಲು ಬಂದು ನಾನು ಕೊಟ್ಟ ಕಾಫಿಯನ್ನು ತುಳಸಿಗಿಡದ ಬುಡಕ್ಕೆ ಚೆಲ್ಲಿದ್ದನ್ನು ಕಿಟಕಿಯಿಂದ ನೋಡಿದೆ. ಪಕ್ಕದ ಮನೆಯ ಗಿಡ ಅದು, ಪಾಪ. ಕೂದಲು ಹಿಡಿ ಹಿಡಿಯಾಗಿ ಉದುರಿತು, ಸೂಜಿಗೆ ದಾರ ಪೋಣಿಸಲು ಬಾರದಷ್ಟು ಕೈ ನಡುಗುತ್ತಿತ್ತು. ಅಪ್ಪ ದಾರ ಪೋಣಿಸಿದ ಸೂಜಿಗಳನ್ನು ದಿನವೂ ದಿಂಬಿಗೆ ಚುಚ್ಚಿಟ್ಟು ಅಂಗಡಿಗೆ ಹೋಗುತ್ತಿದ್ದರು. ಹೊಲಿಯುತ್ತ ಹೊಲಿಯುತ್ತ ಕೈಯ ನಡುಕ ನಿಂತಿತು. ಸಾಗರದ ಸಂತೆಗೆ ಹೋದ ಅಣ್ಣ ಗುತ್ಯಮ್ಮನನ್ನು ಕಂಡು ಬಂದ. ಅವಳ ಮಗನಿಗೂ ಮನೆಯಲ್ಲೇ ಜ್ವರ ತಿರುಗಿ ಬಂದಿತ್ತಂತೆ. ಚೌಡವ್ವನಿಗೆ ಹರಕೆಯ ಸೀರೆ ಉಡಿಸಿ ಬಂದ ಮೇಲೆ ಸತ್ತನಂತೆ.

ಮಳೆ ಹಿಡಿಯುವ ಮೊದಲು ಅತ್ತೆ ಒಂದು ಟ್ರಂಕು ಹಿಡಿದು ಬಸ್ಸಿಳಿದು ನಮ್ಮ ಬಾಗಿಲಿಗೆ ಬಂದರು. 'ಎಲ್ಲಿಗೆ ಹೋಗ್ಲಿ ನಾನು?' ಎಂದರು. ಒಳಗೆ ಬನ್ನಿ ಎಂದೆ. ದಯೆಯಿಂದಲ್ಲ. ನಾನು ಬದುಕಿರುವುದನ್ನು ಅವರು ದಿನಾ ನೋಡಲಿ ಎಂದು. ಅವರೂ ನೋಡಿದರು. ನಾನು ಉಂಡರೆ ನೋಡುತ್ತಿದ್ದರು, ನಕ್ಕರೆ ನೋಡುತ್ತಿದ್ದರು.

ಸಂಜೆ ದೀಪ ಹಚ್ಚಿ ಮನೆಯವರೆಲ್ಲ ಕೂತಾಗ ಅಪ್ಪ ಪ್ರಾರ್ಥಿಸುತ್ತಿದ್ದರು. ಸರದಿ ಬಂದರೆ ಅತ್ತೆ ಬಾಯಿ ತೆರೆಯುತ್ತಿರಲಿಲ್ಲ. ನಾನು ತೆರೆಯುತ್ತಿದ್ದೆ, ಆದರೆ 'ಒಳ್ಳೆಯವನಾದ' ಎಂಬಲ್ಲಿ ನಾಲಿಗೆ ತಡೆಯುತ್ತಿತ್ತು. ಸುಳ್ಳು ಹೇಳಿ ಶುರುಮಾಡಿದ ಪ್ರಾರ್ಥನೆ ಎಲ್ಲಿಗೆ ಮುಟ್ಟೀತು? ಹಾಗಾಗಿ ಆ ಪದ ಬಿಟ್ಟು ಬರೀ 'ತಂದೆಯೇ' ಎಂದೆ. ಅಪ್ಪ ಗಮನಿಸಿದರು, ತಿದ್ದಲಿಲ್ಲ. ಆ ಪದ ಬಿಟ್ಟು ಪ್ರಾರ್ಥಿಸುವ ನನಗೆ ದೇವರೂ ಎದ್ದು ಹೋಗು ಎನ್ನಲಿಲ್ಲ. ಆಗ ನನಗೆ ಸಿಕ್ಕಿದ್ದು ಅಷ್ಟೇ.

ಎರಡು ಮಳೆಗಾಲ ಕಳೆದು ಮೂರನೆಯದರಲ್ಲಿ ನನಗೆ ವಿಷಮಶೀತ ಜ್ವರ ಹಿಡಿಯಿತು. ಆಗ ಅಪ್ಪ ತೀರಿಕೊಂಡಿದ್ದರು, ಅಣ್ಣ ಬೇರೆ ಮನೆ ಮಾಡಿದ್ದ, ಮನೆಯಲ್ಲಿ ನಾವಿಬ್ಬರೇ. ಮಧ್ಯಾಹ್ನ ಡಾಕ್ಟರು ನೋಡಿ ಮುಖ ಚಿಕ್ಕದು ಮಾಡಿಕೊಂಡು ಹೋದರು. ಅತ್ತೆ ಒದ್ದೆ ಬಟ್ಟೆ ಹಿಂಡಿ ನನ್ನ ಹಣೆಗಿಟ್ಟರು. ನನಗೆ ಹೆದರಿಕೆಯಾಯಿತು. ಸಾಯಲು ಸಿದ್ಧಳಾಗಿದ್ದೇನೆ ಎಂದುಕೊಂಡಿದ್ದೆ, ಆಗಿರಲಿಲ್ಲ.

'ಪ್ರಾರ್ಥನೆ ಮಾಡಿ' ಎಂದೆ.

'ನನ್ನ ಬಾಯಲ್ಲಿ ಬ್ಯಾಡ.'

'ಯಾಕೆ ಅಂತ ನಂಗೊತ್ತು. ಅವತ್ತು ನಾನು ಕೇಳಿಸ್ಕೊಂಡೆ.'

ಬೆಚ್ಚಿಬೀಳುತ್ತಾರೆ, ಅಳುತ್ತಾರೆ, ಕಾಲು ಹಿಡಿಯುತ್ತಾರೆ ಎಂದು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಅತ್ತೆ ಬಟ್ಟೆಯನ್ನು ತಿರುಗಿಸಿ ತಂಪಾದ ಬದಿಯನ್ನು ಹಣೆಗಿಟ್ಟರು. 'ಗೊತ್ತು' ಎಂದರು. 'ನಿನ್ನ ಕಣ್ಣಿಂದ ನೀರು ಇಳೀತಿತ್ತು. ನೋಡ್ತಾನೇ ಕೇಳ್ದೆ.'

ನನಗೆ ಕೇಳಿಸುತ್ತಿದೆ ಎಂದು ತಿಳಿದೇ ನನ್ನನ್ನು ಕೊಟ್ಟಿದ್ದರು. ದ್ವೇಷಿಸಲು ಹೊರಟೆ, ಶಕ್ತಿಯಿರಲಿಲ್ಲ. ಆಗ ಹೊಳೆದದ್ದನ್ನೇ ಈಗ ಎದೆಯಲ್ಲಿ ಗಂಟಾದ ಆ ಹುಡುಗಿಗೆ ಹೇಳಿದೆ. ಅಷ್ಟು ಸ್ಪಷ್ಟವಾಗಿ, ಅಷ್ಟು ಗಟ್ಟಿಯಾಗಿ ಕೇಳಿದ ಪ್ರಾರ್ಥನೆಗೆ ದೇವರು ಬೆಲೆ ಕೊಡಲಿಲ್ಲ. ದೇವಪ್ರಿಯನನ್ನು ಯಾಕೆ ಬಿಡಲಿಲ್ಲ ಎಂದರೆ ನನಗೆ ಗೊತ್ತಿಲ್ಲ, ಅದನ್ನು ಒಳ್ಳೆಯದೆಂದು ಹೇಳುವಷ್ಟು ನಾನು ಭಕ್ತೆಯಾಗಿಲ್ಲ. ಆದರೆ ಒಬ್ಬರನ್ನು ಕೊಟ್ಟು ಇನ್ನೊಬ್ಬರನ್ನು ಬಿಡಿಸಿಕೊಳ್ಳುವ ಅಂಗಡಿ ಅವನಲ್ಲಿ ಇರಲಿಲ್ಲ. ಸ್ತೋತ್ರಕ್ಕೆ ವಾಸಿಮಾಡುವವನೂ ಅವನಲ್ಲ, ಅನುಮಾನಕ್ಕೆ ಕೊಲ್ಲುವವನೂ ಅಲ್ಲ. ಅಂಥವನ ಮುಂದೆ ಮಾತ್ರ ಹೆದರದೆ ಬಾಯಿ ಬಿಡಬಹುದು.

'ಆದ್ರೂ ಮಾಡಿ' ಎಂದೆ. 'ನಂಗೋಸ್ಕರ ಮಾಡ್ಬೇಡಿ. ಸುಮ್ನೆ ನಿಮ್ಗೆ ಏನು ಬೇಕೋ ಕೇಳಿ.'

ಅತ್ತೆ ಹಣೆಯ ಬಟ್ಟೆ ತೆಗೆದು ಮತ್ತೆ ನೀರಿಗದ್ದಿ ಹಿಂಡಿದರು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚದೆ, ನನ್ನನ್ನೇ ನೋಡುತ್ತ ಹೇಳಿದರು:

'ಇವ್ಳನ್ನ ಉಳ್ಸು. ನಂಗೆ ಗಂಜಿ ಹಾಕೋರು ಇನ್ಯಾರೂ ಇಲ್ಲ.'

ನನ್ನ ಮಂಚದ ಸುತ್ತ ನಡೆದ ಪ್ರಾರ್ಥನೆಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ. ನಾನು ಆಮೆನ್ ಎಂದೆ.